ಕಳೆಯುವ ಲೆಕ್ಕ: ಎರಡು ಬೆಂಕಿಕಡ್ಡಿ ಮತ್ತು ಲೂಸಿಯಾನ್ ಬರ್ನ್‌ಹಾರ್ಡ್

ಆ ಜಾಹೀರಾತಿನಲ್ಲಿ ಬೆಂಕಿ ಇಲ್ಲ. ಮಾರಬೇಕಾಗಿದ್ದುದು ಬೆಂಕಿಕಡ್ಡಿ; ಆದರೂ ಗೀರುವ ಕೈ ಇಲ್ಲ, ಹೊತ್ತಿಕೊಂಡ ಸಿಗರೇಟು ಇಲ್ಲ, ಒಲೆ ಇಲ್ಲ, ದೀಪ ಇಲ್ಲ, ಕಡ್ಡಿಪೆಟ್ಟಿಗೆ ಕೂಡ ಇಲ್ಲ. ಕಡುಗಂದು ಬಣ್ಣದ ಬಯಲಿನಲ್ಲಿ ಹಳದಿ ತಲೆಯ ಎರಡು ಕೆಂಪು ಕಡ್ಡಿಗಳು. ಅವುಗಳ ಮೇಲೆ ದಪ್ಪ ನೀಲಿ ಅಕ್ಷರಗಳಲ್ಲಿ ಒಂದು ಹೆಸರು, ಪ್ರೀಸ್ಟರ್. ಮುಗಿಯಿತು. ಬೆಲೆ ಇಲ್ಲ, ವಿಳಾಸ ಇಲ್ಲ, ಒಮ್ಮೆ ಗೀರಿದರೆ ಸಾಕು ಎಂಬಂಥ ಹೊಗಳಿಕೆಯ ಸಾಲೂ ಇಲ್ಲ.

1906ರ ಸುಮಾರಿಗೆ ಬರ್ಲಿನ್ ನಗರದ ಬೀದಿಗಳಲ್ಲಿ ಕಾಣಿಸಿಕೊಂಡ ಈ ಭಿತ್ತಿಪತ್ರವನ್ನು ಇಂದು ನೋಡಿದವರಿಗೆ ಇದರಲ್ಲೇನು ವಿಶೇಷ ಅನ್ನಿಸುವುದು ಸಹಜ. ಮೊಬೈಲಿನ ಪರದೆಯ ಮೇಲೆ ನಾವು ದಿನಕ್ಕೆ ಹತ್ತಾರು ಸಲ ಒತ್ತುವ ಚಿಹ್ನೆಗಳೆಲ್ಲ ಇದೇ ವ್ಯಾಕರಣದವು: ಚಪ್ಪಟೆ ಬಣ್ಣ, ಒಂದು ಆಕಾರ, ಒಂದು ಹೆಸರು. ಅಷ್ಟು ಒಗ್ಗಿಹೋಗಿರುವುದರಿಂದಲೇ ಇದೂ ಒಂದು ಕಾಲದಲ್ಲಿ ಯಾರೋ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು ಎಂಬುದು ಮರೆತುಹೋಗುತ್ತದೆ. ಕಂಡುಕೊಂಡವನು ಇಪ್ಪತ್ತರ ಹರೆಯದ ಒಬ್ಬ ಯುವಕ, ಲೂಸಿಯಾನ್ ಬರ್ನ್‌ಹಾರ್ಡ್. ಜರ್ಮನಿಯ ಜಾಹೀರಾತು ವಿನ್ಯಾಸದ ಚರಿತ್ರೆಯನ್ನು ಯಾರೇ ಬರೆದರೂ ಈ ಎರಡು ಕಡ್ಡಿಗಳನ್ನು ದಾಟಿ ಮುಂದೆ ಹೋಗುವಂತಿಲ್ಲ.

ಹೆಸರೂ ಅವನದೇ ವಿನ್ಯಾಸ. ಹುಟ್ಟಿದ್ದು 1883ರಲ್ಲಿ, ಸ್ಟುಟ್‌ಗಾರ್ಟ್‌ಗೆ ಅಂಟಿಕೊಂಡಿರುವ ಕಾನ್‌ಸ್ಟಾಟ್ ಎಂಬಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಮನೆಯವರು ಇಟ್ಟ ಹೆಸರು ಎಮಿಲ್ ಕಾನ್. ಬರ್ಲಿನ್‌ಗೆ ಬಂದ ಮೇಲೆ ಅದನ್ನು ಬಿಟ್ಟು ಲೂಸಿಯಾನ್ ಬರ್ನ್‌ಹಾರ್ಡ್ ಆದ. ಮ್ಯೂನಿಕ್‌ನ ಕಲಾಶಾಲೆಯಲ್ಲಿ ಸ್ವಲ್ಪ ಕಾಲ ಕಳೆದದ್ದನ್ನು ಬಿಟ್ಟರೆ ಬಹುಮಟ್ಟಿಗೆ ತಾನೇ ಕಲಿತವನು. ಅವನ ಬಾಲ್ಯದ ಬಗ್ಗೆ ಒಂದು ಕಥೆ ಇದೆ. ಮ್ಯೂನಿಕ್‌ನ ಗಾಜಿನ ಅರಮನೆಯಲ್ಲಿ ನಡೆದ ಒಂದು ಪ್ರದರ್ಶನವನ್ನು ಹದಿಹರೆಯದ ಹುಡುಗ ನೋಡಿದ. ಅಲ್ಲಿದ್ದ ಹೊಸ ಬಗೆಯ ಪೀಠೋಪಕರಣ ಮತ್ತು ಒಳಾಂಗಣದ ಬಣ್ಣಗಳು ತಲೆಗೇರಿದವು. ತಂದೆ ಊರಲ್ಲಿ ಇಲ್ಲದ ಹೊತ್ತು ನೋಡಿ ಮನೆಯ ಗೋಡೆ, ಕುರ್ಚಿ, ಮೇಜು ಎಲ್ಲಕ್ಕೂ ಗಾಢ ಬಣ್ಣ ಬಳಿದ. ತಂದೆ ಹಿಂತಿರುಗಿ ಬಂದು ನೋಡಿದಾಗ ಏನಾಗಬೇಕೋ ಅದಾಯಿತು. ಹುಡುಗ ಮನೆ ಬಿಟ್ಟ, ಮತ್ತೆ ಹಿಂದೆ ನೋಡಲಿಲ್ಲ. ಇದನ್ನು ಹೇಳಿದವನು ಬರ್ನ್‌ಹಾರ್ಡನೇ. ಆದ್ದರಿಂದ ಚಿಟಿಕೆ ಉಪ್ಪು ಸೇರಿಸಿಕೊಂಡೇ ಕೇಳಬೇಕು.

ಬೆಂಕಿಕಡ್ಡಿಯ ಕಥೆಗೂ ಅದೇ ಉಪ್ಪು ಬೇಕು. ಪ್ರೀಸ್ಟರ್ ಕಂಪನಿ ತನ್ನ ಕಡ್ಡಿಗಳಿಗಾಗಿ ಭಿತ್ತಿಪತ್ರದ ಸ್ಪರ್ಧೆಯೊಂದನ್ನು ಏರ್ಪಡಿಸಿತ್ತು. ಬಹುಮಾನ 200 ಮಾರ್ಕ್. ಕೈಯಲ್ಲಿ ಕಾಸಿಲ್ಲದ ಬರ್ನ್‌ಹಾರ್ಡ್ ಚಿತ್ರ ಶುರುಮಾಡಿದ. ಮೊದಲು ಮೇಜು, ಅದರ ಮೇಲೆ ಚೌಕಳಿ ಬಟ್ಟೆ, ಬೂದಿತಟ್ಟೆ, ಅದರಲ್ಲಿ ಹೊಗೆಯಾಡುವ ಚುಟ್ಟಾ, ಪಕ್ಕದಲ್ಲಿ ಕಡ್ಡಿಗಳು. ಆ ಕಾಲದ ರೂಢಿಯಂತೆ ಹೊಗೆಯ ಸುರುಳಿಯಲ್ಲಿ ಕುಣಿಯುವ ಹೆಂಗಸರೂ ಬಂದರು. ಅದನ್ನು ನೋಡಿದ ಸ್ನೇಹಿತನೊಬ್ಬ ಚುಟ್ಟಾ ಜಾಹೀರಾತು ಸೊಗಸಾಗಿದೆ ಎಂದುಬಿಟ್ಟ. ಅಲ್ಲಿಂದ ಕಳೆಯುವ ಲೆಕ್ಕ ಶುರುವಾಯಿತು. ಹೆಂಗಸರು ಹೋದರು. ಚುಟ್ಟಾ ಹೋಯಿತು. ಚುಟ್ಟಾ ಇಲ್ಲದ ಮೇಲೆ ಬೂದಿತಟ್ಟೆಗೆ ಏನು ಕೆಲಸ? ಅದೂ ಹೋಯಿತು. ಬಟ್ಟೆ, ಕೊನೆಗೆ ಮೇಜೂ ಹೋದವು. ಉಳಿದದ್ದು ಎರಡು ಕಡ್ಡಿ. ಮೇಲೆ ಹೆಸರು ಬರೆದು ಗಡುವು ಮುಗಿಯುವ ಮುನ್ನ ಅಂಚೆಗೆ ಹಾಕಿದ. ತೀರ್ಪುಗಾರರು ನೋಡಿದವರೇ ಕಸದ ರಾಶಿಗೆ ಎಸೆದರು. ತಡವಾಗಿ ಬಂದ ಒಬ್ಬ ತೀರ್ಪುಗಾರ ಅದನ್ನು ಕಸದಿಂದ ಎತ್ತಿ ಹಿಡಿದು, ಮೊದಲ ಬಹುಮಾನ ಇದಕ್ಕೇ ಸಲ್ಲಬೇಕು ಎಂದು ಪಟ್ಟುಹಿಡಿದ. ಅವನ ಹೆಸರು ಅರ್ನ್‌ಸ್ಟ್ ಗ್ರೋವಾಲ್ಡ್.

ಈ ಕಥೆ ಎಷ್ಟು ಅಚ್ಚುಕಟ್ಟಾಗಿದೆ ಎಂದರೆ ಅದೇ ಅನುಮಾನಕ್ಕೆ ಕಾರಣ. ಎಷ್ಟೋ ಸಲ ಹೇಳಿ ಹೇಳಿ, ಬೇಡದ್ದನ್ನೆಲ್ಲ ಉದುರಿಸಿ, ಕೊನೆಗೆ ಎರಡು ಕಡ್ಡಿಯಷ್ಟೇ ಉಳಿಸಿಕೊಂಡ ಕಥೆ ಇದು. ಕಥೆಯೇ ಒಂದು ಬರ್ನ್‌ಹಾರ್ಡ್ ಭಿತ್ತಿಪತ್ರ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಕಸದ ರಾಶಿಯಲ್ಲ, ಗ್ರೋವಾಲ್ಡ್‌ನ ಉದ್ಯೋಗ. ಆತ ಕಲಾವಿಮರ್ಶಕನಲ್ಲ, ಪ್ರಾಧ್ಯಾಪಕನಲ್ಲ. ಹೊಲ್ಲರ್‌ಬಾಮ್ ಉಂಡ್ ಷ್ಮಿಟ್ ಎಂಬ ಬರ್ಲಿನ್ ಮುದ್ರಣಾಲಯದ ಮಾರಾಟದ ಹೊಣೆ ಹೊತ್ತಿದ್ದವನು. ಆ ಚಿತ್ರವನ್ನು ಮೊದಲು ಮೆಚ್ಚಿದ ಕಣ್ಣು ಅಚ್ಚುಕೂಟದವನದು. ಏಕೆ ಎಂದು ತಿಳಿಯಬೇಕಾದರೆ ಆ ಕಾಲದ ಬೀದಿ, ಕಾನೂನು ಮತ್ತು ಕಲ್ಲು ಈ ಮೂರನ್ನೂ ನೋಡಬೇಕು.

ಬೀದಿಯಿಂದ ಶುರುಮಾಡೋಣ. ಬರ್ಲಿನ್‌ನಲ್ಲಿ ಕಂಡಕಂಡ ಗೋಡೆಗೆ ಕಾಗದ ಅಂಟಿಸುವ ಹಾವಳಿ ಹೆಚ್ಚಾದಾಗ ಅರ್ನ್‌ಸ್ಟ್ ಲಿಟ್‌ಫಾಸ್ ಎಂಬ ಮುದ್ರಕ ಅದಕ್ಕೊಂದು ಉಪಾಯ ಹುಡುಕಿ ನಗರಾಡಳಿತದ ಒಪ್ಪಿಗೆ ಪಡೆದ. 1855ರಲ್ಲಿ ನಗರದಲ್ಲಿ ದಪ್ಪನೆಯ ದುಂಡು ಕಂಬಗಳು ಎದ್ದುನಿಂತವು. ಭಿತ್ತಿಪತ್ರ ಅಂಟಿಸಬೇಕಾದರೆ ಅಲ್ಲೇ ಅಂಟಿಸಬೇಕು. ಜರ್ಮನಿಯಲ್ಲಿ ಇಂದಿಗೂ ಅವುಗಳನ್ನು ಲಿಟ್‌ಫಾಸ್ ಕಂಬ ಎಂದೇ ಕರೆಯುತ್ತಾರೆ. ಒಂದೇ ಕಂಬದ ಸುತ್ತ ಸಂಗೀತ ಕಚೇರಿ, ಸರ್ಕಸ್ಸು, ಸಾಬೂನು, ಬಿಯರ್, ಪೊಲೀಸರ ಪ್ರಕಟಣೆ ಎಲ್ಲವೂ ಪಕ್ಕಪಕ್ಕದಲ್ಲಿ ಒತ್ತಿಕೊಂಡು ನಿಲ್ಲುತ್ತಿದ್ದವು. ದುಂಡಗಿನ ಮೈ ಬೇರೆ. ಎದುರಿಗೆ ನಿಂತವನಿಗೆ ಅಗಲದ ಚಿತ್ರ ಪೂರ್ತಿ ಕಾಣುವುದಿಲ್ಲ, ಅಂಚುಗಳು ಆಚೆ ತಿರುಗಿಬಿಡುತ್ತವೆ. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಆ ಕಂಬಗಳ ಮುಂದೆ ವಿದ್ಯುತ್ ಟ್ರಾಮುಗಳು ಓಡುತ್ತಿದ್ದವು. ಅವುಗಳ ಕಿಟಕಿಯಲ್ಲಿ ಕುಳಿತವನ ನೋಟ ಕಂಬದ ಮೇಲೆ ಬೀಳುವುದು ಎರಡು ಮೂರು ಕ್ಷಣ ಮಾತ್ರ.

ಆಗ ಚಾಲ್ತಿಯಲ್ಲಿದ್ದ ಪೋಸ್ಟರ್ ಶೈಲಿ ಇಂಥ ನೋಟಕ್ಕಾಗಿ ಹುಟ್ಟಿದ್ದಲ್ಲ. ಪ್ಯಾರಿಸ್‌ನಲ್ಲಿ ಷೆರೆ, ಮುಖಾ ಮೊದಲಾದವರು ಬೆಳೆಸಿದ ಭಿತ್ತಿಪತ್ರದಲ್ಲಿ ಹೆಂಗಸೊಬ್ಬಳ ತಲೆಗೂದಲು ಬಳ್ಳಿಯಾಗಿ ಹರಿದು, ಬಳ್ಳಿ ಅಂಚಿನ ಕುಸುರಿಯಾಗಿ, ಕುಸುರಿ ಮತ್ತೆ ಅಕ್ಷರವಾಗಿ ಹೊರಳುತ್ತದೆ. ನಿಂತು ನೋಡಿದರೆ ಕಣ್ಣು ತಣಿಯುತ್ತದೆ, ಟ್ರಾಮಿನಿಂದ ನೋಡಿದರೆ ಒಂದು ಕಲಸು ಬಣ್ಣವಷ್ಟೇ. ಅದೂ ಅಲ್ಲದೆ ಸೈಕಲ್ಲಿಗೂ ಅದೇ ಹೆಂಗಸು, ಬಿಸ್ಕತ್ತಿಗೂ ಅದೇ ಹೆಂಗಸು. ಮನೆ ಸೇರಿದ ಮೇಲೆ ಹೆಂಗಸು ನೆನಪಿರುತ್ತಾಳೆ, ಬಿಸ್ಕತ್ತು ಯಾವುದೆಂದು ನೆನಪಿರುವುದಿಲ್ಲ. ಇಂಗ್ಲೆಂಡಿನಲ್ಲಿ ಬೆಗರ್‌ಸ್ಟಾಫ್ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಚಿತ್ರಕಾರರು 1890ರ ದಶಕದಲ್ಲೇ ಕಾಗದ ಕತ್ತರಿಸಿ ಅಂಟಿಸಿದಂಥ ಚಪ್ಪಟೆ ಆಕಾರಗಳನ್ನು ಪ್ರಯೋಗಿಸಿದ್ದರು. ಬರ್ನ್‌ಹಾರ್ಡ್ ಶೂನ್ಯದಿಂದ ಶುರುಮಾಡಿದವನಲ್ಲ. ಆದರೆ ಬೆಗರ್‌ಸ್ಟಾಫ್ ಚಿತ್ರಗಳಲ್ಲೂ ಮನುಷ್ಯನಿದ್ದ, ಒಂದು ಸನ್ನಿವೇಶದ ನೆರಳಿತ್ತು. ಬರ್ನ್‌ಹಾರ್ಡ್ ಮನುಷ್ಯನನ್ನೂ ಹೊರಗೆ ಕಳುಹಿಸಿದ.

ಕಾನೂನಿನ ವಿಷಯ ಅಷ್ಟಾಗಿ ಯಾರೂ ಎತ್ತುವುದಿಲ್ಲ. ನನಗೆ ಇದೇ ಬಹಳ ಕುತೂಹಲದ್ದು ಅನ್ನಿಸುತ್ತದೆ. 1874ರ ಜರ್ಮನ್ ಕಾನೂನು ವ್ಯಾಪಾರ ಮುದ್ರೆಗೆ ರಕ್ಷಣೆ ಕೊಟ್ಟಿತ್ತು, ಆದರೆ ಚಿತ್ರರೂಪದ ಮುದ್ರೆಗೆ ಮಾತ್ರ. ಬರಿಯ ಹೆಸರು, ಬರಿಯ ಪದ ಯಾರ ಸ್ವತ್ತೂ ಆಗುವಂತಿರಲಿಲ್ಲ. 1894ರ ಹೊಸ ಕಾನೂನು ಪದವನ್ನೂ ನೋಂದಾಯಿಸಲು ದಾರಿ ತೆರೆಯಿತು. ಇದರ ಪರಿಣಾಮ ದೊಡ್ಡದು. ಅಲ್ಲಿಯವರೆಗೆ ಅಂಗಡಿಗೆ ಹೋದವನು ಬೆಂಕಿಕಡ್ಡಿ ಕೊಡಿ ಎನ್ನುತ್ತಿದ್ದ. ಯಾವುದನ್ನು ಕೊಡಬೇಕೆಂಬುದು ಅಂಗಡಿಯವನ ಮರ್ಜಿ. ಈಗ ತಯಾರಕನಿಗೆ ಗಿರಾಕಿಯ ಬಾಯಲ್ಲೇ ಒಂದು ಹೆಸರನ್ನು ಕೂರಿಸುವ ಆಸೆ ಹುಟ್ಟಿತು. ಗಿರಾಕಿ ಪ್ರೀಸ್ಟರ್ ಕೊಡಿ ಎನ್ನಬೇಕು. ಹಾಗೆ ಅನ್ನಿಸಲು ಕಥೆ ಬೇಕಿಲ್ಲ. ಹೆಸರು ಮತ್ತು ವಸ್ತು ಎರಡೂ ಒಂದೇ ಏಟಿಗೆ ತಲೆಯಲ್ಲಿ ಗಂಟು ಬಿದ್ದರೆ ಸಾಕು. ಅಂದಹಾಗೆ, ಪ್ರೀಸ್ಟರ್ ಎಂದರೆ ಜರ್ಮನ್ ಭಾಷೆಯಲ್ಲಿ ಪಾದ್ರಿ. ಬೇರೆ ಯಾವ ಚಿತ್ರಕಾರನಾದರೂ ಕಡ್ಡಿ ಗೀರಿ ಮೇಣದಬತ್ತಿ ಹಚ್ಚುವ ಒಬ್ಬ ದಡೂತಿ ಪಾದ್ರಿಯನ್ನು ಬರೆಯದೆ ಬಿಡುತ್ತಿರಲಿಲ್ಲ. ಬರ್ನ್‌ಹಾರ್ಡ್ ಆ ಶ್ಲೇಷೆಯ ಕಡೆ ತಿರುಗಿಯೂ ನೋಡಲಿಲ್ಲ. ಹೆಸರಿಗೆ ಅರ್ಥ ಬರುವುದು ಅವನಿಗೆ ಬೇಕಿರಲಿಲ್ಲ, ಹೆಸರಿಗೆ ಕಡ್ಡಿ ಅಂಟಿಕೊಳ್ಳುವುದು ಬೇಕಿತ್ತು.

ಇನ್ನು ಕಲ್ಲು. ಕಲ್ಲಚ್ಚನ್ನು 1796ರಲ್ಲಿ ಮ್ಯೂನಿಕ್‌ನಲ್ಲಿ ಕಂಡುಹಿಡಿದವನು ಅಲೋಯ್ಸ್ ಸೆನೆಫೆಲ್ಡರ್. ಬವೇರಿಯಾದ ಸೋಲ್ನ್‌ಹೋಫೆನ್‌ನ ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆಯಬೇಕು, ಆಮೇಲೆ ಕಲ್ಲನ್ನು ಒದ್ದೆ ಮಾಡಬೇಕು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವಲ್ಲ. ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ, ಒದ್ದೆಯಾದ ಕಡೆ ಹಿಡಿಯುವುದಿಲ್ಲ. ತೊಡಕು ಇರುವುದು ಬಣ್ಣದಲ್ಲಿ. ಪ್ರತಿ ಬಣ್ಣಕ್ಕೂ ಒಂದು ಪ್ರತ್ಯೇಕ ಕಲ್ಲು, ಅಥವಾ ಕಲ್ಲಿನ ಬದಲಿಗೆ ಬಂದ ಸತುವಿನ ತಗಡು. ಪ್ರತಿ ಹಾಳೆಯೂ ಬಣ್ಣಕ್ಕೊಂದು ಸಲದಂತೆ ಯಂತ್ರದೊಳಗೆ ಹೋಗಿಬರಬೇಕು, ಪ್ರತಿ ಸಲವೂ ಕೂದಲೆಳೆಯಷ್ಟೂ ಜರುಗದೆ ಕೂರಬೇಕು. ಹತ್ತು ಹನ್ನೆರಡು ಬಣ್ಣಗಳ ನೆರಳು ಬೆಳಕಿನ ಹೆಂಗಸನ್ನು ಅಚ್ಚುಹಾಕುವುದಕ್ಕೂ ನಾಲ್ಕು ಚಪ್ಪಟೆ ಬಣ್ಣಗಳ ಕಡ್ಡಿಯನ್ನು ಅಚ್ಚುಹಾಕುವುದಕ್ಕೂ ಖರ್ಚಿನಲ್ಲಿ, ಹೊತ್ತಿನಲ್ಲಿ ಎಷ್ಟು ಅಂತರ ಎಂಬುದನ್ನು ಲೆಕ್ಕ ಹಾಕಲು ಕಲಾವಿಮರ್ಶಕನ ಅಗತ್ಯವಿಲ್ಲ. ಕಡುಗಂದು, ಕೆಂಪು, ಹಳದಿ, ನೀಲಿ. ಗ್ರೋವಾಲ್ಡ್ ಕಸದಿಂದ ಎತ್ತಿದ್ದು ಒಂದು ಚಿತ್ರವನ್ನು ಮಾತ್ರವಲ್ಲ, ಒಂದು ಅಗ್ಗದ, ಚುರುಕಾದ ಉತ್ಪಾದನಾ ವಿಧಾನವನ್ನು.

ಅದನ್ನು ಆತ ವ್ಯವಹಾರವಾಗಿ ಬೆಳೆಸಿದ. ಬರ್ನ್‌ಹಾರ್ಡ್ ಜೊತೆಗೆ ಹಾನ್ಸ್ ರೂಡಿ ಎರ್ಟ್, ಯೂಲಿಯುಸ್ ಗಿಪ್‌ಕೆನ್ಸ್, ಯೂಲಿಯುಸ್ ಕ್ಲಿಂಗರ್, ಎಡ್ಮಂಡ್ ಎಡೆಲ್ ಮೊದಲಾದವರನ್ನು ಮುದ್ರಣಾಲಯ ಒಪ್ಪಂದದಿಂದ ಕಟ್ಟಿಹಾಕಿಕೊಂಡಿತು. ಇವರಿಂದ ಚಿತ್ರ ಬೇಕೆಂದರೆ ಅಚ್ಚೂ ಇಲ್ಲೇ ಆಗಬೇಕು. ಹೀಗೆ ಒಂದೇ ಸೂರಿನಡಿ ಬೆಳೆದ ಶೈಲಿಗೆ ಸಾಖ್‌ಪ್ಲಕಾಟ್ ಎಂಬ ಹೆಸರು ಬಂತು. ಸಾಖ್ ಎಂದರೆ ವಸ್ತು, ಪ್ಲಕಾಟ್ ಎಂದರೆ ಭಿತ್ತಿಪತ್ರ; ಕನ್ನಡದಲ್ಲಿ ವಸ್ತುಚಿತ್ರ ಎಂದರೆ ಸಾಲದು, ವಸ್ತುವೊಂದೇ ಮಾತಾಡುವ ಚಿತ್ರ ಎನ್ನಬೇಕು. ಎರ್ಟ್ ಒಪೆಲ್ ಕಾರಿನ ಭಿತ್ತಿಪತ್ರದಲ್ಲಿ ಹೆಸರಿನ ಮೊದಲಕ್ಷರವಾದ ದುಂಡನೆಯ ಓಕಾರವನ್ನೇ ಗಾಲಿಯಾಗಿಸಿದ. ಬರ್ನ್‌ಹಾರ್ಡ್ ಮನೋಲಿ ಸಿಗರೇಟಿಗೆ ವೃತ್ತದೊಳಗೆ ಒಂದೇ ಅಕ್ಷರ ಕೂರಿಸಿ ಮುದ್ರೆ ಮಾಡಿಕೊಟ್ಟ. ಈ ಮನೋಲಿಗೆ ಒಂದು ಉಪಕಥೆಯೂ ಇದೆ: ಕಂಪನಿಯು ಬರ್ಲಿನ್‌ನಲ್ಲಿ ಗಿರಗಿರ ತಿರುಗುವ ವಿದ್ಯುತ್ ದೀಪದ ಜಾಹೀರಾತು ಹಾಕಿತ್ತು, ಅದನ್ನು ನೋಡಿ ನೋಡಿ ನಗರದ ಜನ ತಲೆ ತಿರುಗಿದವನನ್ನು ಮನೋಲಿ ಎನ್ನತೊಡಗಿದರು. ಹೆಸರನ್ನು ಜನರ ಬಾಯಲ್ಲಿ ಕೂರಿಸುವುದು ಎಂದರೆ ಇದಕ್ಕಿಂತ ಹೆಚ್ಚು ಏನು ಬೇಕು, ಕಂಪನಿ ಬಯಸಿದ ಅರ್ಥದಲ್ಲಿ ಅಲ್ಲದಿದ್ದರೂ.

ಅಕ್ಷರದ ವಿಷಯವನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಸಾಖ್‌ಪ್ಲಕಾಟಿನ ಅರ್ಧ ಬಲ ಅಲ್ಲಿದೆ. ಕಡ್ಡಿಗಳ ಮೇಲಿನ ಹೆಸರು ಸೀಸದ ಅಚ್ಚುಮೊಳೆಗಳಿಂದ ಜೋಡಿಸಿದ್ದಲ್ಲ, ಕುಂಚದಿಂದ ಬರೆದದ್ದು. ಅಂಚುಗಳು ಗರಗಸದಂತೆ ಚೂಪಾಗಿಲ್ಲ, ತುಸು ಮೊಂಡಾಗಿವೆ. ಗೆರೆಗಳ ದಪ್ಪಕ್ಕೂ ಕಡ್ಡಿಗಳ ದಪ್ಪಕ್ಕೂ ಹೊಂದಾಣಿಕೆ ಇದೆ. ಹೀಗಾಗಿ ಮೇಲೆ ಬರಹ ಕೆಳಗೆ ಚಿತ್ರ ಎಂಬ ಭೇದ ಉಳಿಯುವುದಿಲ್ಲ. ಎರಡೂ ಒಂದೇ ಜಾತಿಯ ಆಕಾರಗಳು. ಈ ಕೆಲಸಕ್ಕೆ ರೋಮನ್ ದೊಡ್ಡಕ್ಷರಗಳು ಹೇಳಿ ಮಾಡಿಸಿದಂತಿವೆ, ಎಲ್ಲವೂ ಒಂದೇ ಎತ್ತರದ ಇಟ್ಟಿಗೆಗಳು. ಇದೇ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ: ರಕಾರದ ಒತ್ತು ಕೆಳಗಿಳಿಯುತ್ತದೆ, ದೀರ್ಘ ಬಲಕ್ಕೆ ಚಾಚುತ್ತದೆ, ಸಕಾರಕ್ಕೆ ಟಕಾರ ಜೋತುಬೀಳುತ್ತದೆ. ಕನ್ನಡದಲ್ಲಿ ಬೋರ್ಡು ಬರೆಯುವವರಿಗೆ ಈ ಗೋಳು ಚೆನ್ನಾಗಿ ಗೊತ್ತು. ಇಟ್ಟಿಗೆ ಗೋಡೆಯ ಬದಲು ಅವರಿಗೆ ಸಿಗುವುದು ಬೇರು ಬಿಟ್ಟ ಮರಗಳ ಸಾಲು. ಬರ್ನ್‌ಹಾರ್ಡ್‌ನ ಕುಂಚದ ಅಕ್ಷರಗಳು ಎಷ್ಟು ಜನಪ್ರಿಯವಾದವೆಂದರೆ ಅಚ್ಚುಮೊಳೆ ಎರಕದವರು ಹಿಂದೆ ಬಿದ್ದರು. 1912ರ ಹೊತ್ತಿಗೆ ಫ್ಲಿನ್ಷ್ ಎರಕಶಾಲೆ ಅವನ ಹೆಸರಿನಲ್ಲೇ ಬರ್ನ್‌ಹಾರ್ಡ್ ಆಂಟೀಕ್ವಾ ಎಂಬ ಅಚ್ಚುಮೊಳೆಯನ್ನು ಹೊರತಂದಿತು.

ಈಗ ಆ ಕಡ್ಡಿಗಳ ಪಕ್ಕದಲ್ಲಿ ಅವನ ಇನ್ನೆರಡು ಕೆಲಸಗಳನ್ನು ಇಟ್ಟು ನೋಡಿದರೆ ಲೆಕ್ಕದ ಸೂತ್ರ ಬಿಡಿಸಿಕೊಳ್ಳುತ್ತದೆ. ಒಂದು, ಸ್ಟಿಲ್ಲರ್ ಎಂಬ ಪಾದರಕ್ಷೆ ಕಂಪನಿಯದು. ಕಂದು ಹಿನ್ನೆಲೆ, ಕಪ್ಪು ಶೂ, ಗಾಢ ಅಕ್ಷರ. ಎಲ್ಲವೂ ಮಂಕು. ಆದರೆ ಶೂ ಒಳಗೆ, ಕಾಲು ತೂರಿಸುವ ಜಾಗದಲ್ಲಿ ಮಾತ್ರ ಕಣ್ಣು ಕುಕ್ಕುವ ಕೆಂಪು. ನೋಟ ನೇರವಾಗಿ ಅಲ್ಲಿಗೇ ಇಳಿಯುತ್ತದೆ. ಕಾಲೂ ಹಿಂದೆಯೇ ಇಳಿಯಲಿ ಎಂಬುದು ಕಂಪನಿಯ ಆಸೆ ಇರಬೇಕು.

ಇನ್ನೊಂದು 1914ರ ಬಾಷ್ ಸ್ಪಾರ್ಕ್ ಪ್ಲಗ್. ಬಾಷ್ ಕಂಪನಿ 1886ರಲ್ಲಿ ಶುರುವಾದದ್ದು ಬರ್ನ್‌ಹಾರ್ಡ್ ಹುಟ್ಟಿದೂರಿನ ಮಗ್ಗುಲಿನ ಸ್ಟುಟ್‌ಗಾರ್ಟ್‌ನಲ್ಲೇ. ಕನ್ನಡಿಗರಿಗೂ ಅದು ಅಪರಿಚಿತವಲ್ಲ: 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೋ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಇದೇ ಬಾಷ್‌ನ ಕುಡಿ. 2008ರಲ್ಲಿ ಹೆಸರು ಬಾಷ್ ಎಂದು ಬದಲಾದರೂ ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟ್ ಆಗಿಯೇ ಉಳಿದಿದೆ. ಮೈಕೋ ಪ್ಲಗ್ ಕಳಚಿ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕಿದ ತಲೆಮಾರಿಗೆ ಪ್ಲಗ್ಗಿನ ಆಕಾರ ಕಣ್ಣು ಮುಚ್ಚಿದರೂ ಕಾಣುತ್ತದೆ. 1914ರ ಜರ್ಮನಿಯಲ್ಲಿ ಹಾಗಿರಲಿಲ್ಲ. ಕಾರೇ ಅಪರೂಪ, ಕಾರಿನ ಎಂಜಿನ್ನಿನೊಳಗೆ ಅಡಗಿ ಕುಳಿತ ಈ ಪುಟ್ಟ ಸಾಧನವನ್ನು ಕಂಡವರು ಇನ್ನೂ ಅಪರೂಪ. ಅಲ್ಲಿ ಬರ್ನ್‌ಹಾರ್ಡ್ ಏನು ಮಾಡಿದ? ಗಾಢ ಹಿನ್ನೆಲೆಯಲ್ಲಿ ದೈತ್ಯಗಾತ್ರದ ಪ್ಲಗ್ ಬರೆದು, ಅದರ ತುದಿಯಿಂದ ಕೆಂಪು ಹಳದಿಯ ಕಿಡಿಯನ್ನು ಸಿಡಿಸಿದ.

ಬೆಂಕಿಕಡ್ಡಿಗೆ ಬೆಂಕಿ ಇಲ್ಲ, ಪ್ಲಗ್ಗಿಗೆ ಇದೆ. ಸರಳತೆಯೇ ಗುರಿಯಾಗಿದ್ದರೆ ಕಿಡಿಯನ್ನೂ ಅಳಿಸಬಹುದಿತ್ತು. ಅಳಿಸಲಿಲ್ಲ, ಏಕೆಂದರೆ ಕಡ್ಡಿ ಏನು ಮಾಡುತ್ತದೆ ಎಂಬುದು ಮಗುವಿಗೂ ಗೊತ್ತು, ಪ್ಲಗ್ ಏನು ಮಾಡುತ್ತದೆ ಎಂಬುದು ಗೊತ್ತಿಲ್ಲ. ಕಾಗದದ ಮೇಲಿನಿಂದ ಆತ ತೆಗೆದುಹಾಕುತ್ತಿದ್ದುದು ನೋಡುಗನ ತಲೆಯಲ್ಲಿ ಮೊದಲೇ ಇರುವುದನ್ನು ಮಾತ್ರ. ಅವನ ಭಿತ್ತಿಪತ್ರ ಖಾಲಿಯಾಗಿ ಕಾಣುವುದು ಕಾಗದದಲ್ಲಿ; ಉಳಿದ ಚಿತ್ರವನ್ನು ನಾವೇ ಪೂರ್ತಿ ಮಾಡಿಕೊಂಡಿರುತ್ತೇವೆ. ಈ ಶೈಲಿಯನ್ನು ಬರಿಯ ಅಚ್ಚುಕಟ್ಟುತನ ಎಂದುಕೊಂಡು ಅನುಕರಿಸಿದವರ ಕೆಲಸಗಳು ಸಪ್ಪೆಯಾಗುವುದು ಇದೇ ಕಾರಣಕ್ಕೆ. ಹೊಸ ಔಷಧಿಯನ್ನೋ ವಿಮೆಯನ್ನೋ ಹೀಗೆ ಮಾರಲು ಹೋದರೆ ಜನ ಕಕ್ಕಾಬಿಕ್ಕಿಯಾಗುತ್ತಾರೆ. ತಲೆಯೊಳಗೆ ಇಲ್ಲದ್ದನ್ನು ಕಾಗದದಿಂದ ಕಳೆದರೆ ಉಳಿಯುವುದು ಸೊನ್ನೆ.

ಸೂತ್ರದ ಇನ್ನೊಂದು ಮುಖ ಯುದ್ಧ ಬಂದಾಗ ಕಾಣಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸರ್ಕಾರ ಜನರಿಂದ ಯುದ್ಧಸಾಲ ಎತ್ತಲು ಕಲಾವಿದರನ್ನು ಹಿಡಿಯಿತು. ಬರ್ನ್‌ಹಾರ್ಡ್ ಬರೆದ ಒಂದು ಪ್ರಸಿದ್ಧ ಭಿತ್ತಿಪತ್ರದಲ್ಲಿ ಇರುವುದು ಉಕ್ಕಿನ ಕವಚ ತೊಟ್ಟ ಒಂದು ಮುಷ್ಟಿ, ಮಧ್ಯಯುಗದ ಯೋಧನದು. ಕೆಳಗೆ ಕುಂಚದಿಂದ ಬರೆದ ಕೋನಕೋನದ ಹಳೆಯ ಜರ್ಮನ್ ಅಕ್ಷರಗಳು. ಅದು ಹೇಳುವುದಿಷ್ಟು: ಶಾಂತಿಯ ದಾರಿ ಇದೇ, ಶತ್ರುಗಳು ಬಯಸಿದ್ದೂ ಇದನ್ನೇ, ಆದ್ದರಿಂದ ಯುದ್ಧಸಾಲಕ್ಕೆ ಹಣ ಕೊಡಿ. ಯುದ್ಧ ಏಕೆ ಶುರುವಾಯಿತು, ಎಷ್ಟು ಜನ ಸತ್ತರು, ಸಾಲ ಯಾವಾಗ ಮರಳಿ ಬರುತ್ತದೆ, ಯಾವುದೂ ಇಲ್ಲ. ಕಂದಕದಲ್ಲಿ ಕೊಳೆಯುತ್ತಿದ್ದ ಸೈನಿಕನೂ ಇಲ್ಲ. ವಿನ್ಯಾಸದ ದೃಷ್ಟಿಯಿಂದ ಅದು ಅಪ್ಪಟ ಕೆಲಸ ಎಂಬುದನ್ನು ಒಪ್ಪಲೇಬೇಕು, ನೋಡುವಾಗ ಹೊಟ್ಟೆ ತೊಳಸುತ್ತದೆ ಎಂಬುದನ್ನೂ. ಬೂದಿತಟ್ಟೆಯನ್ನು ಅಳಿಸಿದ ಅದೇ ಕೈ ಸತ್ತವರನ್ನೂ ಅಳಿಸಿತು.

ಇದೇ ವರ್ಷಗಳಲ್ಲಿ ಭಿತ್ತಿಪತ್ರಕ್ಕೆ ಒಬ್ಬ ವಿಚಿತ್ರ ಭಕ್ತ ಹುಟ್ಟಿಕೊಂಡಿದ್ದ. ಹಾನ್ಸ್ ಸಾಕ್ಸ್, ಬರ್ಲಿನ್‌ನ ದಂತವೈದ್ಯ. ಗೋಡೆಯಿಂದ ಹರಿದು ಬಿಸಾಡುವ ಕಾಗದವನ್ನು ಈತ ಹುಡುಗನಾಗಿದ್ದಾಗಿನಿಂದ ಸಂಗ್ರಹಿಸುತ್ತಿದ್ದ. 1905ರಲ್ಲಿ ಭಿತ್ತಿಪತ್ರ ಗೆಳೆಯರ ಸಂಘವನ್ನು ಕಟ್ಟಿದ, 1910ರಿಂದ ದಾಸ್ ಪ್ಲಕಾಟ್ ಎಂಬ ಪತ್ರಿಕೆ ತಂದ. ಬರ್ನ್‌ಹಾರ್ಡ್ ಸಂಘದ ಒಡನಾಡಿ. ಪತ್ರಿಕೆ 1921ರವರೆಗೆ ನಡೆಯಿತು. ಬರ್ಲಿನ್ ಶೈಲಿಯ ಖ್ಯಾತಿಯನ್ನು ಹೊರದೇಶಗಳಿಗೆ ಮುಟ್ಟಿಸಿದ್ದು ಅದು. ಸಾಕ್ಸ್ ಯಹೂದಿ. 1938ರಲ್ಲಿ ನಾಜಿ ಪೊಲೀಸರು ಅವನ ಮನೆಗೆ ಬಂದು 12,500 ಭಿತ್ತಿಪತ್ರಗಳನ್ನು ಹೊತ್ತೊಯ್ದರು. ಅವನನ್ನೂ ಸಾಕ್ಸನ್‌ಹೌಸನ್ ಶಿಬಿರಕ್ಕೆ ತಳ್ಳಿದರು. ಹೇಗೋ ಬಿಡುಗಡೆಯಾಗಿ ಅಮೆರಿಕ ಸೇರಿದ ಸಾಕ್ಸ್, ಸಂಗ್ರಹ ನಾಶವಾಯಿತೆಂದೇ ಬಹುಕಾಲ ನಂಬಿದ್ದ. ಅದರಲ್ಲಿ ಸುಮಾರು 4,300 ಹಾಳೆಗಳು ಬರ್ಲಿನ್‌ನ ಜರ್ಮನ್ ಇತಿಹಾಸ ಸಂಗ್ರಹಾಲಯದಲ್ಲಿ ಉಳಿದಿದ್ದವು. ಅವನ್ನು ಸಾಕ್ಸ್‌ನ ಮಗನಿಗೆ ಹಿಂತಿರುಗಿಸಬೇಕೆಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟದ್ದು 2012ರಲ್ಲಿ, ಎಪ್ಪತ್ತನಾಲ್ಕು ವರ್ಷಗಳ ನಂತರ. ಮರುವರ್ಷ ಅವುಗಳ ಹರಾಜು ನ್ಯೂಯಾರ್ಕ್‌ನಲ್ಲಿ ಶುರುವಾಯಿತು.

ಮುದ್ರಣಾಲಯದ ಆ ಗೆಳೆಯರ ಗತಿಯೂ ಚದುರಿಹೋಯಿತು. ಎರ್ಟ್ 1918ರಲ್ಲೇ ಕ್ಷಯದಿಂದ ತೀರಿಕೊಂಡ. ಗಿಪ್‌ಕೆನ್ಸ್ 1933ರಲ್ಲಿ ಅಮೆರಿಕಕ್ಕೆ ಹೋದ. ವಿಯೆನ್ನಾಗೆ ಮರಳಿದ್ದ ಕ್ಲಿಂಗರ್‌ನನ್ನು 1942ರಲ್ಲಿ ಮಿನ್ಸ್ಕ್ ಬಳಿಗೆ ಸಾಗಿಸಿ ಕೊಂದರು. ಮ್ಯೂನಿಕ್‌ನಲ್ಲಿ ಬರ್ನ್‌ಹಾರ್ಡ್‌ನಷ್ಟೇ ಹೆಸರು ಮಾಡಿದ್ದ ಲುಡ್‌ವಿಗ್ ಹೋಲ್‌ವೈನ್ ನಾಜಿಗಳಿಗೆ ಭಿತ್ತಿಪತ್ರ ಬರೆದುಕೊಟ್ಟ.

ಬರ್ನ್‌ಹಾರ್ಡ್ ಆ ಹೊತ್ತಿಗೆ ಬರ್ಲಿನ್‌ನಲ್ಲಿ ಇರಲಿಲ್ಲ. 1920ರಲ್ಲಿ ಅಲ್ಲಿ ಭಿತ್ತಿಪತ್ರ ಕಲೆಯ ಪ್ರಾಧ್ಯಾಪಕನಾಗಿದ್ದವನು 1923ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಅಲ್ಲಿಯೇ ನೆಲೆಸಿದ್ದ. ಕೀರ್ತಿಯ ಶಿಖರದಲ್ಲಿದ್ದವನಿಗೆ ಅಮೆರಿಕ ಕೆಂಪು ಹಾಸು ಹಾಸಲಿಲ್ಲ. ಅಲ್ಲಿನ ಜಾಹೀರಾತು ಬೇರೆಯೇ ಮಣ್ಣಿನದು. ಅದು ಬದುಕುತ್ತಿದ್ದುದು ಕಂಬದ ಮೇಲಲ್ಲ, ಪತ್ರಿಕೆಯ ಪುಟದಲ್ಲಿ. ಓದುಗ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದಾನೆ, ಅವನಿಗೆ ಹೊತ್ತಿದೆ. ಈ ಸಾಬೂನನ್ನೇ ಏಕೆ ಕೊಳ್ಳಬೇಕು ಎಂದು ಪ್ಯಾರಾಗಟ್ಟಲೆ ವಾದಿಸುವ ಬರಹ, ಪಕ್ಕದಲ್ಲಿ ನಗುವ ಸಂಸಾರದ ನೈಜ ಚಿತ್ರ, ಇದು ಅಲ್ಲಿನ ಪದ್ಧತಿ. ಎರಡು ಕಡ್ಡಿ ಬರೆದು ಸುಮ್ಮನಾಗುವವನು ಅವರಿಗೆ ತೀರಾ ಆಧುನಿಕನಾಗಿ ಕಂಡ. ಟ್ರಾಮಿನ ನೋಟಕ್ಕಾಗಿ ಕಟ್ಟಿದ ಶೈಲಿಗೆ ಆರಾಮಕುರ್ಚಿಯಲ್ಲಿ ಕೆಲಸವಿರಲಿಲ್ಲ.

ಆದ್ದರಿಂದ ಮೊದಮೊದಲು ಒಳಾಂಗಣ ವಿನ್ಯಾಸವೇ ಅವನ ಕೈ ಹಿಡಿಯಿತು. ಮನೆಗೆ ಬಣ್ಣ ಬಳಿದು ಹೊರಬಿದ್ದ ಹುಡುಗ ಬರ್ಲಿನ್‌ನಲ್ಲೂ ಕುರ್ಚಿ, ಮೇಜು, ದೀಪಗಳನ್ನು ವಿನ್ಯಾಸ ಮಾಡಿದ್ದ. 1928ರಲ್ಲಿ ಕಾಂಟೆಂಪೊರಾ ಎಂಬ ವಿನ್ಯಾಸ ಸಂಸ್ಥೆ ಹುಟ್ಟಿತು. ಅದರಲ್ಲಿ ಅವನ ಜೊತೆಗಿದ್ದವರು ಚಿತ್ರಕಾರ ರಾಕ್‌ವೆಲ್ ಕೆಂಟ್, ಪ್ಯಾರಿಸ್‌ನ ಉಡುಪು ವಿನ್ಯಾಸಕ ಪಾಲ್ ಪ್ವಾರೆ, ವಾಸ್ತುಶಿಲ್ಪಿಗಳಾದ ಬ್ರೂನೊ ಪಾಲ್ ಮತ್ತು ಎರಿಕ್ ಮೆಂಡೆಲ್‌ಸೋನ್. ಹೆಸರುಗಳೇ ಸಾಕು ಎನ್ನುವಷ್ಟು ಭಾರದ ಕೂಟ. ಪೆಟ್ರೋಲಿನ ಅಮೋಕೋ, ರಬ್ಬರ್ ಹಿಮ್ಮಡಿಯ ಕ್ಯಾಟ್ಸ್ ಪಾ ಮೊದಲಾದ ಕಂಪನಿಗಳಿಗೂ ಕೆಲಸ ಮಾಡಿದ. ನಿಜವಾಗಿ ಅಮೆರಿಕಕ್ಕೆ ಅವನು ಬೇಕಾದದ್ದು ಅಕ್ಷರಕ್ಕಾಗಿ. ಜರ್ಮನಿಯಲ್ಲಿ 1927ರಲ್ಲಿ ಬಂದ ಫ್ಯೂಚುರಾ ಎಂಬ ಜ್ಯಾಮಿತೀಯ ಅಕ್ಷರಶೈಲಿ ಅಮೆರಿಕದ ಮಾರುಕಟ್ಟೆಗೂ ನುಗ್ಗಿದಾಗ, ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿ ಅದಕ್ಕೆ ಎದುರಾಗಿ ಇಳಿಸಿದ್ದು ಬರ್ನ್‌ಹಾರ್ಡ್ ಗಾಥಿಕ್. ಆಮೇಲೆ ಬಳುಕುವ ಬರ್ನ್‌ಹಾರ್ಡ್ ಟ್ಯಾಂಗೋ ಬಂತು, 1937ರಲ್ಲಿ ಬರ್ನ್‌ಹಾರ್ಡ್ ಮಾಡರ್ನ್ ಬಂತು. ಈ ಕೊನೆಯದನ್ನು ನೋಡಿದವರಿಗೆ ಇದು ಪ್ರೀಸ್ಟರ್ ಬರೆದ ಕೈ ಎಂದು ಹೇಳಿದರೂ ನಂಬಿಕೆ ಬರುವುದಿಲ್ಲ: ತೆಳ್ಳಗೆ, ಉದ್ದುದ್ದ ಕತ್ತಿನ, ಪುಟ್ಟ ಹೊಟ್ಟೆಯ ಅಕ್ಷರಗಳು, ಇಟ್ಟಿಗೆಯಲ್ಲ, ನೀರುಹಕ್ಕಿ. ಗಣಕ ಯುಗದಲ್ಲೂ ಅವು ಫಾಂಟುಗಳಾಗಿ ಬದುಕಿವೆ.

ಇಳಿವಯಸ್ಸಿನಲ್ಲಿ ಆತ ಜಾಹೀರಾತು ಬಿಟ್ಟು ಚಿತ್ರಕಲೆ ಮತ್ತು ಶಿಲ್ಪದ ಕಡೆಗೆ ತಿರುಗಿದ. ಅವುಗಳ ಬಗ್ಗೆ ಹೆಚ್ಚು ಮಾತು ನಡೆಯುವುದಿಲ್ಲ. ಗಿರಾಕಿಯ ಒತ್ತಾಯ, ಕಲ್ಲಿನ ಖರ್ಚು, ಟ್ರಾಮಿನ ವೇಗ ಯಾವುದೂ ಇಲ್ಲದ ಬಿಳಿ ಕ್ಯಾನ್ವಾಸು ಎಲ್ಲರಿಗೂ ಒಲಿಯಬೇಕೆಂದಿಲ್ಲ. 1972ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ.

ಅವನ ಮಗಳು ರೂತ್ ಬರ್ನ್‌ಹಾರ್ಡ್ ಹುಟ್ಟಿದ್ದು 1905ರಲ್ಲಿ, ಹೆಚ್ಚು ಕಡಿಮೆ ಆ ಕಡ್ಡಿಗಳ ಓರಗೆಯವಳು. ತಂದೆತಾಯಿ ಬೇಗನೆ ಬೇರೆಯಾದದ್ದರಿಂದ ಆಕೆ ಬೆಳೆದದ್ದು ಇಬ್ಬರು ಶಾಲಾ ಶಿಕ್ಷಕಿಯರ ಮನೆಯಲ್ಲಿ. 1927ರಲ್ಲಿ ತಂದೆಯನ್ನು ಹಿಂಬಾಲಿಸಿ ನ್ಯೂಯಾರ್ಕ್‌ಗೆ ಬಂದಳು, ಮುಂದೆ ಅಮೆರಿಕದ ಹೆಸರಾಂತ ಛಾಯಾಗ್ರಾಹಕಿಯಾದಳು, ನೂರು ದಾಟಿ ಬದುಕಿ 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡಳು. ಆಕೆಯ ಮೊದಮೊದಲ ಚಿತ್ರಗಳಲ್ಲಿ 1930ರದ್ದೊಂದು ಇದೆ. ಲೈಫ್ ಸೇವರ್ಸ್ ಎಂಬ, ನಡುವೆ ತೂತಿರುವ ಪೆಪ್ಪರ್‌ಮಿಂಟುಗಳು. ಅವುಗಳನ್ನು ಗಾಲಿಗಳ ಹಾಗೆ ಸಾಲಾಗಿ ಎಬ್ಬಿಸಿ ನಿಲ್ಲಿಸಿ ತೆಗೆದ ಚಿತ್ರ ಅದು. ತಿನ್ನುವ ಮಗು ಇಲ್ಲ, ಪೊಟ್ಟಣ ಇಲ್ಲ, ಕೆಳಗಿರುವುದು ಮೇಜೋ ನೆಲವೋ ತಿಳಿಯುವುದಿಲ್ಲ.